ಬ್ಯಾಂಡಿ-ಬ್ಯಾಂಡಿ: ಮಣ್ಣೊಳಗೆ ಬಾಳುವ ಪಟ್ಟೆ ಹಾವು

ಹಾವು ಕಂಡ ಕೂಡಲೇ ನಮ್ಮ ಬಾಯಿಂದ ಹೊರಡುವ ಮೊದಲ ಪ್ರಶ್ನೆ, "ವಿಷದ್ದಾ?" ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಹೊಲ, ಗದ್ದೆ, ಹಿತ್ತಲುಗಳಲ್ಲಿ ಓಡಾಡುವವರು ಅದನ್ನು ಕೇಳಲೇಬೇಕು. ಆದರೆ ಹಾವನ್ನು ಅರಿಯಬೇಕೆಂಬ ಆಸೆ ನಿಮಗಿದ್ದರೆ ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಬದಲಿಗೆ ಎರಡು ಬೇರೆ ಪ್ರಶ್ನೆಗಳನ್ನು ಕೇಳಿ: ಇದು ಎಲ್ಲಿ ಬದುಕುತ್ತದೆ? ಏನು ತಿನ್ನುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಹಾವಿನ ಮೈಕಟ್ಟು, ಕಣ್ಣು, ಬಾಲ, ಕೊನೆಗೆ ಅದರ ವಿಷ ಕೂಡ ಒಂದೊಂದಾಗಿ ಅರ್ಥವಾಗುತ್ತಾ ಹೋಗುತ್ತದೆ.

ಇದನ್ನು ತೋರಿಸಿಕೊಡಲು ನಾನು ಆರಿಸಿಕೊಂಡಿರುವುದು ಆಸ್ಟ್ರೇಲಿಯಾದ ಒಂದು ಹಾವನ್ನು. ಅದರ ಹೆಸರು ಬ್ಯಾಂಡಿ-ಬ್ಯಾಂಡಿ. ನ್ಯೂ ಸೌತ್ ವೇಲ್ಸ್ ಕರಾವಳಿಯ ಮೂಲನಿವಾಸಿಗಳ ಕಟ್ಟಂಗ್ ಭಾಷೆಯಿಂದ ಈ ಹೆಸರು ಬಂದಿದೆ. ವಿಜ್ಞಾನಿಗಳು ಇದನ್ನು ವರ್ಮಿಸೆಲ್ಲಾ ಆನ್ಯುಲೇಟಾ ಎಂದು ಕರೆಯುತ್ತಾರೆ. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಪ್ರಾಣಿವಿಜ್ಞಾನಿ ಜಾನ್ ಎಡ್ವರ್ಡ್ ಗ್ರೇ 1841ರಲ್ಲಿ ಇದನ್ನು ಮೊದಲು ವಿವರಿಸಿದರು. ಎಲ್ಲ ಬಿಟ್ಟು ಇದನ್ನೇ ಏಕೆ ಆರಿಸಿದೆ ಎಂದರೆ, ಇದರ ಬದುಕು ಬಹಳ ಇಕ್ಕಟ್ಟಿನದು. ಒಂದೇ ಬಗೆಯ ಮನೆ, ಒಂದೇ ಬಗೆಯ ಊಟ. ಹೊಸದಾಗಿ ಕಲಿಯುವವರಿಗೆ ಇಷ್ಟು ಸ್ಪಷ್ಟವಾಗಿ ಪಾಠ ಹೇಳುವ ಹಾವು ಬೇರೆ ಸಿಗುವುದು ಕಷ್ಟ.

ಮೊದಲು ಅದರ ರೂಪ. ಬೆಳೆದ ಬ್ಯಾಂಡಿ-ಬ್ಯಾಂಡಿ ಸಾಮಾನ್ಯವಾಗಿ ಅರ್ಧ ಮೀಟರಿನ ಆಸುಪಾಸಿನಲ್ಲಿರುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದು, ಕೆಲವು ಹೆಣ್ಣುಗಳು ಇದಕ್ಕಿಂತ ಸಾಕಷ್ಟು ಉದ್ದ ಬೆಳೆಯುತ್ತವೆ. ಮೈತುಂಬ ಕಪ್ಪು, ಬಿಳಿ ಪಟ್ಟೆಗಳು, ಒಂದಾದ ಮೇಲೊಂದು, ಮೂತಿಯಿಂದ ಬಾಲದವರೆಗೆ. ಅವುಗಳ ಅಂಚು ಗೆರೆ ಕೊರೆದಷ್ಟು ಸ್ಪಷ್ಟ. ಇಲ್ಲಿ ಒಂದು ವಿವರವನ್ನು ಗಮನಿಸಿ: ಪಟ್ಟೆಗಳು ಬೆನ್ನಿನ ಮೇಲಷ್ಟೇ ಇಲ್ಲ, ಹೊಟ್ಟೆಯ ಕಡೆಗೂ ಇಳಿದು ಮೈಯನ್ನು ಪೂರ್ತಿ ಸುತ್ತುತ್ತವೆ. ಹಾವನ್ನು ಹೇಗೆ ಹೊರಳಿಸಿ ನೋಡಿದರೂ ಪಟ್ಟೆಯೇ ಕಾಣುತ್ತದೆ. ಈ ವಿವರ ಮುಂದೆ ನಮಗೆ ಬೇಕಾಗುತ್ತದೆ.

ಈಗ ಮೊದಲ ಪ್ರಶ್ನೆ, ಎಲ್ಲಿ ಬದುಕುತ್ತದೆ? ಆಸ್ಟ್ರೇಲಿಯಾದ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ. ಕರಾವಳಿಯ ತೇವದ ಕಾಡಿನಲ್ಲಿದೆ, ನೀಲಗಿರಿ ಮರಗಳ ತೋಪಿನಲ್ಲಿದೆ, ಒಳನಾಡಿನ ಒಣ ಕುರುಚಲಲ್ಲೂ ಇದೆ. ಮೇಲಿನ ನೋಟಕ್ಕೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಜಾಗಗಳು. ಆದರೆ ಹಾವಿಗೆ ಮೇಲಿನ ನೋಟದಿಂದ ಆಗಬೇಕಾದ್ದು ಹೆಚ್ಚೇನಿಲ್ಲ. ಅದು ಬದುಕುವುದು ಮಣ್ಣಿನೊಳಗೆ, ಬಿದ್ದ ಮರದ ದಿಮ್ಮಿಯ ಅಡಿಯಲ್ಲಿ, ಕಲ್ಲಿನ ಸಂದಿಯಲ್ಲಿ. ಹೊರಗೆ ಬರುವುದು ರಾತ್ರಿ ಮಾತ್ರ, ಅದೂ ಹೆಚ್ಚಾಗಿ ಮಳೆ ಬಿದ್ದ ಮೇಲಿನ ಬೆಚ್ಚನೆಯ ರಾತ್ರಿಗಳಲ್ಲಿ. ಅಲ್ಲೇ ಹುಟ್ಟಿ ಬೆಳೆದವರಲ್ಲಿಯೂ ಇದನ್ನು ಕಣ್ಣಾರೆ ಕಂಡವರು ಕಡಿಮೆ.

ಮಣ್ಣೊಳಗೆ ಓಡಾಡುವ ಪ್ರಾಣಿಗೆ ಎಂಥ ಮೈ ಬೇಕು? ಒಂದು ನಿಮಿಷ ಓದುವುದನ್ನು ನಿಲ್ಲಿಸಿ ನೀವೇ ಊಹಿಸಿ ನೋಡಿ. ಅಗಲವಾದ ತಲೆ ಇದ್ದರೆ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಬ್ಯಾಂಡಿ-ಬ್ಯಾಂಡಿಯ ತಲೆ ಕತ್ತಿನಷ್ಟೇ ದಪ್ಪ, ಎಲ್ಲಿ ತಲೆ ಮುಗಿದು ಮೈ ಶುರುವಾಯಿತು ಎಂದು ಹೇಳುವುದೇ ಕಷ್ಟ. ಮೈ ಒರಟಾಗಿದ್ದರೆ ಮಣ್ಣಿಗೆ ಉಜ್ಜುತ್ತದೆ. ಹಾಗಾಗಿ ಅದರ ಹುರುಪೆಗಳು, ಅಂದರೆ ಚರ್ಮದ ಮೇಲೆ ಒತ್ತೊತ್ತಾಗಿ ಜೋಡಿಸಿದಂತಿರುವ ಚಿಪ್ಪುಗಳು, ನುಣುಪಾಗಿ ಹೊಳೆಯುತ್ತವೆ. ಕತ್ತಲೆಯಲ್ಲಿ ದೊಡ್ಡ ಕಣ್ಣಿನ ಪ್ರಯೋಜನ ಕಡಿಮೆ, ಮಣ್ಣು ತಾಗಿ ನೋವಾಗುವ ಅಪಾಯ ಹೆಚ್ಚು. ಹಾಗಾಗಿ ಕಣ್ಣು ತೀರ ಸಣ್ಣದು. ಉದ್ದನೆಯ ಬಾಲ ಮರ ಹತ್ತುವ ಹಾವಿಗೆ ಬೇಕು, ಇದಕ್ಕೆ ಬೇಡ. ಬಾಲ ಗಿಡ್ಡ, ತುದಿ ಮೊಂಡು.

ಇದೇ ಲಕ್ಷಣಗಳು ನಮ್ಮ ನಾಡಿನ ಮಣ್ಣುಮುಕ್ಕ ಹಾವಿನಲ್ಲೂ ಇವೆ. ಜನ ಅದನ್ನು ಎರಡು ತಲೆ ಹಾವು ಎನ್ನುತ್ತಾರೆ. ಇರುವುದು ಒಂದೇ ತಲೆ. ಮೊಂಡು ಬಾಲವನ್ನು ಇನ್ನೊಂದು ತಲೆ ಎಂದು ಭಾವಿಸಿದ್ದಾರೆ, ಅಷ್ಟೇ. ಅದಕ್ಕೆ ವಿಷವೂ ಇಲ್ಲ, ಬ್ಯಾಂಡಿ-ಬ್ಯಾಂಡಿಯೊಂದಿಗೆ ಹತ್ತಿರದ ನೆಂಟಸ್ತಿಕೆಯೂ ಇಲ್ಲ. ಬೇರೆ ಬೇರೆ ಕುಲದ ಹಾವುಗಳನ್ನು ಮಣ್ಣು ಒಂದೇ ಬಗೆಯಲ್ಲಿ ತಿದ್ದಿದೆ. ಈ ಮೊಂಡು ಬಾಲವನ್ನು ನಂಬಿ, ಅದೃಷ್ಟ ತರುತ್ತದೆಂದು ಆ ಬಡಪಾಯಿ ಹಾವನ್ನು ಹಿಡಿದು ಕದ್ದು ಮಾರುವವರು ನಮ್ಮಲ್ಲಿದ್ದಾರೆ. ವನ್ಯಜೀವಿ ಕಾಯಿದೆಯ ಪ್ರಕಾರ ಅದು ಅಪರಾಧ. ಹಾವಿನ ದೇಹದ ಬಗ್ಗೆ ಒಂದಿಷ್ಟು ತಿಳಿವಳಿಕೆ ಇದ್ದಿದ್ದರೆ ಈ ದಂಧೆ ಹುಟ್ಟುತ್ತಲೇ ಇರಲಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಎರಡನೆಯ ಪ್ರಶ್ನೆಗೆ ಬರೋಣ. ಏನು ತಿನ್ನುತ್ತದೆ? ಬ್ಯಾಂಡಿ-ಬ್ಯಾಂಡಿ ಇಲಿ ತಿನ್ನುವುದಿಲ್ಲ, ಕಪ್ಪೆ ತಿನ್ನುವುದಿಲ್ಲ. ಅದು ತಿನ್ನುವುದು ಹಾವನ್ನು, ಅದರಲ್ಲೂ ಕುರುಡು ಹಾವುಗಳನ್ನು ಮಾತ್ರ. ಆಸ್ಟ್ರೇಲಿಯಾದ ಹಾವುಗಳ ಬಗ್ಗೆ ಜೀವನಪೂರ್ತಿ ಕೆಲಸ ಮಾಡಿದ ವಿಜ್ಞಾನಿ ರಿಚರ್ಡ್ ಶೈನ್ 1980ರಲ್ಲಿ ಈ ಹಾವಿನ ಆಹಾರ, ಬೆಳವಣಿಗೆ, ಸಂತಾನದ ಕುರಿತು ಒಂದು ಅಧ್ಯಯನ ಪ್ರಕಟಿಸಿದರು. ಅವರು ಪರೀಕ್ಷಿಸಿದ ಬ್ಯಾಂಡಿ-ಬ್ಯಾಂಡಿಗಳ ಹೊಟ್ಟೆಯೊಳಗೆ ಸಿಕ್ಕ ಆಹಾರವೆಲ್ಲ ಕುರುಡು ಹಾವುಗಳೇ ಆಗಿದ್ದವು.

ಕುರುಡು ಹಾವು ಎಂದರೇನು ಎಂದು ನೀವು ಕೇಳಬಹುದು. ಎರೆಹುಳುವಿನಂತೆ ಕಾಣುವ, ಮಣ್ಣೊಳಗೆ ಬದುಕುವ, ವಿಷವಿಲ್ಲದ ಸಣ್ಣ ಹಾವುಗಳ ಗುಂಪು ಅದು. ಕಣ್ಣಿನ ಮೇಲೂ ಹುರುಪೆ ಮುಚ್ಚಿರುತ್ತದೆ; ಹೊರಗಿನಿಂದ ಎರಡು ಕಪ್ಪು ಚುಕ್ಕೆಗಳಷ್ಟೇ ಕಾಣುತ್ತವೆ. ಬೆಳಕಿದೆಯೋ ಇಲ್ಲವೋ ಎಂಬುದನ್ನು ಬಿಟ್ಟು ಹೆಚ್ಚೇನೂ ಅದಕ್ಕೆ ತಿಳಿಯದು. ಇರುವೆ ಮತ್ತು ಗೆದ್ದಲಿನ ಗೂಡಿಗೆ ನುಗ್ಗಿ ಅವುಗಳ ಮೊಟ್ಟೆ, ಮರಿಹುಳುಗಳನ್ನು ತಿನ್ನುತ್ತದೆ. ಆಸ್ಟ್ರೇಲಿಯಾದಲ್ಲಿ ಇಂಥ ಕುರುಡು ಹಾವಿನ 40ಕ್ಕೂ ಹೆಚ್ಚು ಪ್ರಭೇದಗಳಿವೆ. ಪ್ರಭೇದ ಎಂದರೆ ತಮ್ಮ ತಮ್ಮಲ್ಲೇ ಕೂಡಿ ಸಂತಾನ ಬೆಳೆಸುವ, ಒಂದೇ ಬಗೆಯ ಜೀವಿಗಳ ಗುಂಪು.

ಹೀಗೆ ಒಂದು ಸರಪಳಿ ನಿಮ್ಮ ಕಣ್ಣೆದುರು ಮೂಡಿರಬೇಕು. ಇರುವೆಯ ಮರಿಹುಳುವನ್ನು ಕುರುಡು ಹಾವು ತಿನ್ನುತ್ತದೆ, ಕುರುಡು ಹಾವನ್ನು ಬ್ಯಾಂಡಿ-ಬ್ಯಾಂಡಿ ತಿನ್ನುತ್ತದೆ. ಇರುವೆ ಗೂಡು ಕಟ್ಟುವ ಮಣ್ಣು ಕೆಟ್ಟರೆ ಮೂರೂ ಕೆಡುತ್ತವೆ.

ಬೇಟೆಯನ್ನು ಅದು ಪತ್ತೆ ಮಾಡುವುದು ಹೇಗೆ? ಕತ್ತಲೆಯ ಬಿಲದಲ್ಲಿ ಕಣ್ಣು ಕೆಲಸಕ್ಕೆ ಬಾರದು. ಹಾವು ನಾಲಿಗೆ ಚಾಚುವುದನ್ನು ನೀವು ನೋಡಿರುತ್ತೀರಿ. ಹೆದರಿಸಲು ಹಾಗೆ ಮಾಡುತ್ತದೆಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಅದು ವಾಸನೆ ಹಿಡಿಯುವ ಬಗೆ. ಗಾಳಿ ಮತ್ತು ನೆಲದ ಮೇಲಿನ ವಾಸನೆಯ ಕಣಗಳನ್ನು ನಾಲಿಗೆ ಒಳಗೆ ತರುತ್ತದೆ. ಬಾಯಿಯ ಮೇಲ್ಛಾವಣಿಯಲ್ಲಿ ಜೇಕಬ್ಸನ್ ಅಂಗ ಎಂಬ ಪುಟ್ಟ ರಚನೆಯಿದೆ. ಆ ಕಣಗಳು ಯಾವುವು ಎಂಬುದನ್ನು ಅದು ಗುರುತಿಸುತ್ತದೆ. ಕುರುಡು ಹಾವು ಹರಿದ ಜಾಡಿನ ವಾಸನೆಯನ್ನು ಬ್ಯಾಂಡಿ-ಬ್ಯಾಂಡಿ ಹೀಗೆ ನಾಲಿಗೆಯಿಂದಲೇ ಹಿಡಿದು ಹಿಂಬಾಲಿಸುತ್ತದೆ ಎಂದು 2005ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಶೈನ್ ಆ ಕೆಲಸದಲ್ಲೂ ಇದ್ದರು.

ಸಿಕ್ಕ ಬೇಟೆಯನ್ನು ನುಂಗುವುದು ಇನ್ನೊಂದು ಸೊಗಸು. ಇಲಿ ನುಂಗುವ ಹಾವು ಬಾಯಿಯನ್ನು ಬಹಳ ಅಗಲಿಸಬೇಕು, ಏಕೆಂದರೆ ಇಲಿ ದುಂಡಗೆ, ದಪ್ಪಗೆ ಇರುತ್ತದೆ. ಕುರುಡು ಹಾವು ಹಾಗಲ್ಲ. ತೆಳುವಾಗಿ, ಉದ್ದಕ್ಕೆ, ಹಾವಿನ ಹೊಟ್ಟೆಗೆ ಅಳತೆ ಮಾಡಿ ಕತ್ತರಿಸಿದಂತೆ ಇರುತ್ತದೆ. ಬ್ಯಾಂಡಿ-ಬ್ಯಾಂಡಿ ಅದನ್ನು ಕಚ್ಚಿ, ತಲೆಯ ಕಡೆಯಿಂದ ಒಳಗೆ ಎಳೆದುಕೊಳ್ಳುತ್ತದೆ. ದವಡೆಯ ಎಡಭಾಗ ಒಮ್ಮೆ ಮುಂದೆ ಸರಿದು ಹಿಡಿಯುತ್ತದೆ, ಬಲಭಾಗ ಆಮೇಲೆ. ಹೀಗೆ ಎಡ, ಬಲ, ಎಡ, ಬಲ ಎಂದು ದವಡೆಯೇ ಬೇಟೆಯ ಮೇಲೆ ಹೆಜ್ಜೆ ಹಾಕುತ್ತಾ ಹೋಗುತ್ತದೆ. ಕೆಲವು ಸಲ ನುಂಗಿದ ಕುರುಡು ಹಾವು ಬ್ಯಾಂಡಿ-ಬ್ಯಾಂಡಿಯ ಮೈಗೆ ಹೋಲಿಸಿದರೆ ಬಹಳ ದೊಡ್ಡದಾಗಿರುತ್ತದೆ. ಅಂಥ ಒಂದು ಊಟ ಬಹಳ ದಿನ ಸಾಕು. ಸಣ್ಣ ಬಾಯಿ ಇಟ್ಟುಕೊಂಡು ದೊಡ್ಡ ಊಟ ಮಾಡುವ ಉಪಾಯವೆಂದರೆ ಇದೇ, ತನ್ನದೇ ಆಕಾರದ ಬೇಟೆಯನ್ನು ಆರಿಸಿಕೊಳ್ಳುವುದು.

ಈಗ, ಆಗ ಬದಿಗಿಟ್ಟ ಪ್ರಶ್ನೆ. ವಿಷದ್ದಾ? ಹೌದು. ಬ್ಯಾಂಡಿ-ಬ್ಯಾಂಡಿ ನಮ್ಮ ನಾಗರಹಾವು, ಕಾಳಿಂಗ ಸರ್ಪ, ಕಟ್ಟುಹಾವುಗಳ ಕುಟುಂಬಕ್ಕೆ ಸೇರಿದ್ದು. ಆ ಕುಟುಂಬಕ್ಕೆ ಎಲಾಪಿಡೆ ಎಂದು ಹೆಸರು. ಈ ಕುಟುಂಬದ ಹಾವುಗಳಿಗೆ ವಿಷದ ಹಲ್ಲು ಮೇಲ್ದವಡೆಯ ಮುಂಭಾಗದಲ್ಲಿರುತ್ತದೆ, ಗಿಡ್ಡವಾಗಿರುತ್ತದೆ, ಮಡಚಿಕೊಳ್ಳುವುದಿಲ್ಲ. ಕೊಳಕುಮಂಡಲದ ಹಲ್ಲು ಹಾಗಲ್ಲ. ಉದ್ದವಾಗಿದ್ದು, ಬಾಯಿ ಮುಚ್ಚಿದಾಗ ಹಿಂದಕ್ಕೆ ಮಡಚಿ ಮಲಗುತ್ತದೆ. ಹಸಿರು ಹಾವಿನಂಥ ಕೆಲವಕ್ಕೆ ವಿಷದ ಹಲ್ಲು ಬಾಯಿಯ ಹಿಂಭಾಗದಲ್ಲಿರುತ್ತದೆ. ಹಾವುಗಳ ಕುಟುಂಬ ಗುರುತಿಸುವಾಗ ವಿಜ್ಞಾನಿಗಳು ಹಲ್ಲನ್ನು ಇಷ್ಟು ಗಮನಿಸುವುದು ಇದಕ್ಕೇ. ಆಸ್ಟ್ರೇಲಿಯಾದಲ್ಲಿ ಮಂಡಲದ ಹಾವುಗಳೇ ಇಲ್ಲ. ಅಲ್ಲಿ ಎಲಾಪಿಡೆ ಕುಟುಂಬ ಹಬ್ಬಿ, ಜಗತ್ತಿನಲ್ಲೇ ಅತಿ ತೀವ್ರ ವಿಷದ ಹಾವುಗಳೂ ಅಲ್ಲಿ ವಿಕಾಸಗೊಂಡವು, ಬ್ಯಾಂಡಿ-ಬ್ಯಾಂಡಿಯಂಥ ಮಂದ ವಿಷದವೂ ಅಲ್ಲೇ ವಿಕಾಸಗೊಂಡವು.

"ಮಂದ ವಿಷ" ಎಂಬ ಮಾತನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಹೊಸಬರು ಇಲ್ಲಿ ದಾರಿ ತಪ್ಪುವುದು ಹೆಚ್ಚು. ವಿಷ ಮನುಷ್ಯನನ್ನು ಕೊಲ್ಲಲೆಂದು ಹುಟ್ಟಿದ್ದಲ್ಲ. ಅದು ಬೇಟೆಯನ್ನು ಅಡಗಿಸಲು ಇರುವ ಸಾಧನ. ಇಕ್ಕಟ್ಟಾದ ಬಿಲದೊಳಗೆ ಒದ್ದಾಡುವ, ಜಾರುವ ಕುರುಡು ಹಾವನ್ನು ಸುಮ್ಮನಾಗಿಸಲು ಎಷ್ಟು ಬೇಕೋ ಅಷ್ಟು ವಿಷ ಬ್ಯಾಂಡಿ-ಬ್ಯಾಂಡಿಗೆ ಇದೆ. ಆ ಬೇಟೆಯ ಪಾಲಿಗೆ ಅದು ಮಂದವೇನಲ್ಲ. ಮನುಷ್ಯನ ಮೇಲೆ ಅದರ ಪರಿಣಾಮ ಕಡಿಮೆ ಎಂಬ ಅರ್ಥದಲ್ಲಿ ಮಾತ್ರ ನಾವು ಮಂದ ಎನ್ನುತ್ತೇವೆ. ಹಲ್ಲು ಚಿಕ್ಕದು, ಬಾಯಿ ಕಿರಿದು, ಒಳಹೊಗುವ ವಿಷ ಅತ್ಯಲ್ಪ. ಅಷ್ಟಾಗಿ ಅದು ಕಚ್ಚುವುದೇ ಅಪರೂಪ. ಕಚ್ಚಿದರೆ ಆ ಜಾಗದಲ್ಲಿ ನೋವು, ಊತ ಕಾಣಿಸಿಕೊಳ್ಳಬಹುದು.

ಹಾಗಾದರೆ ತನ್ನನ್ನು ತಿನ್ನಲು ಬಂದ ಪ್ರಾಣಿಯ ಎದುರು ಈ ಹಾವು ಏನು ಮಾಡುತ್ತದೆ? ಇಲ್ಲಿ ಆ ಪಟ್ಟೆಗಳಿಗೆ ಬರೋಣ.

ಮಳೆ ನಿಂತ ರಾತ್ರಿ. ಒದ್ದೆ ನೆಲದ ಮೇಲೆ ಹರಿಯುತ್ತಿರುವ ಬ್ಯಾಂಡಿ-ಬ್ಯಾಂಡಿಯ ಮೇಲೆ ಟಾರ್ಚಿನ ಬೆಳಕು ಬೀಳುತ್ತದೆ ಎಂದುಕೊಳ್ಳಿ. ಮೊದಲು ಅದು ಚಿಮ್ಮಿ ಒದ್ದಾಡುತ್ತದೆ. ತಕ್ಷಣ ನಿಂತು, ಮೈಯ ಒಂದು ಭಾಗವನ್ನು ನೆಲದಿಂದ ಮೇಲೆತ್ತಿ ನೆಟ್ಟಗೆ ನಿಂತ ಕಮಾನು ಮಾಡುತ್ತದೆ. ಆಮೇಲೆ ಇನ್ನೊಂದು ಕಮಾನು. ಹಾವಿನ ಮೈ ಈಗ ನೆಲಕ್ಕೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗಿದೆ, ಉಳಿದದ್ದು ಗಾಳಿಯಲ್ಲಿ. ತಲೆ ಎಲ್ಲಿದೆ ಎಂದು ಹುಡುಕಿದರೆ ಸಿಗದು. ಅದನ್ನು ಮೈಯ ಅಡಿಯಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ನೀವು ಮುಟ್ಟಲು ಹೋದರೆ ಕಮಾನು ಕುಸಿದು, ಮೈ ಸರ್ರನೆ ಹೊರಳಿ, ಬೇರೆ ಕಡೆ ಬೇರೆ ಕಮಾನು ಏಳುತ್ತದೆ. ಸಣ್ಣ ಹಾವು ಇದ್ದಕ್ಕಿದ್ದಂತೆ ದೊಡ್ಡದಾಗಿ, ಹಾವೇ ಅಲ್ಲದ ಬೇರೆ ಯಾವುದೋ ಆಕಾರವಾಗಿ ಕಾಣುತ್ತದೆ. ಈ ನಡವಳಿಕೆಯನ್ನು ವಿಜ್ಞಾನಿಗಳು 1969ರಷ್ಟು ಹಿಂದೆಯೇ ವಿವರವಾಗಿ ದಾಖಲಿಸಿದ್ದಾರೆ. ಮೈ ಹೀಗೆ ಎದ್ದು ನಿಂತಾಗ ಹೊಟ್ಟೆಯ ಭಾಗವೂ ಹೊರಗೆ ಕಾಣುತ್ತದೆ. ಪಟ್ಟೆ ಮೈಸುತ್ತಲೂ ಇರುವುದರ ಪ್ರಯೋಜನ ಇಲ್ಲಿದೆ.

ಪಟ್ಟೆಗಳ ಇನ್ನೊಂದು ಕೆಲಸದ ಬಗ್ಗೆಯೂ ವಿಜ್ಞಾನಿಗಳ ಊಹೆಯೊಂದಿದೆ. ಬಣ್ಣದ ಗೆರೆ ಬಳಿದ ಬುಗುರಿಯನ್ನು ನೀವು ಆಡಿಸಿದ್ದರೆ ಇದು ಸುಲಭವಾಗಿ ತಿಳಿಯುತ್ತದೆ: ನಿಂತಾಗ ಗೆರೆಗಳು ಬೇರೆ ಬೇರೆ, ತಿರುಗುವಾಗ ಎಲ್ಲ ಕಲೆತು ಒಂದೇ ಬಣ್ಣ. ಕಣ್ಣಿಗೆ ಒಂದು ವೇಗದ ಮಿತಿ ಇದೆ. ಅದಕ್ಕಿಂತ ಬೇಗ ಕಪ್ಪು-ಬಿಳಿ ಬದಲಾದರೆ ಕಣ್ಣು ಅವನ್ನು ಬೇರ್ಪಡಿಸಲಾರದೆ ಬೂದು ಬಣ್ಣವಾಗಿ ಕಾಣುತ್ತದೆ. ಮಂದ ಬೆಳಕಿನಲ್ಲಿ ಕಣ್ಣು ಇನ್ನೂ ನಿಧಾನ. ಬ್ಯಾಂಡಿ-ಬ್ಯಾಂಡಿ ಸರ್ರನೆ ಸರಿದಾಗ ಪಟ್ಟೆಗಳು ಕಲೆತು ಬೂದಾಗುತ್ತವೆ, ನಿಂತ ಕೂಡಲೇ ಮತ್ತೆ ಪಟ್ಟೆಗಳಾಗುತ್ತವೆ. ಹಿಡಿಯಲು ಬಂದ ಪ್ರಾಣಿಗೆ ಹಾವು ಎತ್ತ ಹೋಯಿತು, ಎಲ್ಲಿ ನಿಂತಿತು ಎಂದು ಅಂದಾಜಾಗುವುದರೊಳಗೆ ತಪ್ಪಿಸಿಕೊಳ್ಳಲು ಸಮಯ ಸಿಗುತ್ತದೆ. ನನಗೆ ಈ ಊಹೆ ಮನಸ್ಸಿಗೆ ಒಪ್ಪುವಂಥದ್ದು, ಏಕೆಂದರೆ ರಾತ್ರಿ ಸಂಚಾರಿ ಪ್ರಾಣಿಗೆ ಇಷ್ಟು ಕಡು ಬಣ್ಣ ಏಕೆ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ.

ಸಂತಾನದ ವಿಷಯ ಚಿಕ್ಕದು. ಇದು ಮೊಟ್ಟೆ ಇಡುವ ಹಾವು. ಒಂದು ಸಲಕ್ಕೆ 2ರಿಂದ 13 ಮೊಟ್ಟೆ. ಹೆಣ್ಣು ದೊಡ್ಡದಿದ್ದಷ್ಟೂ ಒಡಲಲ್ಲಿ ಮೊಟ್ಟೆಗೆ ಜಾಗ ಹೆಚ್ಚು; ಗಂಡಿಗಿಂತ ಹೆಣ್ಣು ಹೆಚ್ಚು ಬೆಳೆಯುವುದಕ್ಕೆ ಇದೊಂದು ಕಾರಣ.

ವರ್ಮಿಸೆಲ್ಲಾ ಕುಲದಲ್ಲಿ ಬಹಳ ಕಾಲ ಐದು ಪ್ರಭೇದಗಳನ್ನು ಎಣಿಸುತ್ತಿದ್ದರು. ಆರನೆಯದು ಸಿಕ್ಕ ಕತೆಯನ್ನು ನಿಮಗೆ ಹೇಳಲೇಬೇಕು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಬ್ರಯಾನ್ ಫ್ರೈ ಮತ್ತು ಸಂಗಡಿಗರು ಕೇಪ್ ಯಾರ್ಕ್ ಪರ್ಯಾಯ ದ್ವೀಪದ ವೀಪಾ ಎಂಬ ಊರಿಗೆ ಹೋಗಿದ್ದು ಕಡಲ ಹಾವುಗಳನ್ನು ಹುಡುಕಲು. ವೀಪಾ ಬಾಕ್ಸೈಟ್ ಗಣಿಯ ಊರು. ಬಾಕ್ಸೈಟ್ ಎಂದರೆ ಅಲ್ಯೂಮಿನಿಯಂ ತೆಗೆಯುವ ಅದಿರು. ಅಲ್ಲಿ ರಾತ್ರಿ, ಕಡಲ ಪಕ್ಕದ ಕಾಂಕ್ರೀಟ್ ಕಟ್ಟೆಯ ಮೇಲೆ, ಹಡಗಿಗೆ ತುಂಬಲು ಕಾದಿದ್ದ ಅದಿರಿನ ರಾಶಿಯ ಹತ್ತಿರ, ಒಂದು ಪಟ್ಟೆ ಹಾವು ಕಂಡಿತು. ನೋಡಿದರೆ ಬ್ಯಾಂಡಿ-ಬ್ಯಾಂಡಿ, ಆದರೆ ಗೊತ್ತಿದ್ದ ಯಾವ ಪ್ರಭೇದಕ್ಕೂ ಹೊಂದುತ್ತಿರಲಿಲ್ಲ. ದೇಹರಚನೆಯನ್ನೂ ವಂಶವಾಹಿಗಳನ್ನೂ ಪರೀಕ್ಷಿಸಿ 2018ರಲ್ಲಿ ಅದನ್ನು ವರ್ಮಿಸೆಲ್ಲಾ ಪಾರ್ಸ್‌ಕಾಡಾ ಎಂಬ ಹೊಸ ಪ್ರಭೇದವೆಂದು ಪ್ರಕಟಿಸಿದರು. ಅದು ಸಿಕ್ಕ ಪ್ರದೇಶದಲ್ಲೇ ಗಣಿಗಾರಿಕೆ ನಡೆಯುತ್ತಿರುವುದರಿಂದ, ಹೆಸರಿಡುವ ಹೊತ್ತಿಗೇ ಅದರ ಉಳಿವಿನ ಚಿಂತೆಯನ್ನೂ ಬರೆದರು. ಮಣ್ಣೊಳಗಿನ ಜೀವಿಗೆ ಮಣ್ಣನ್ನೇ ಅಗೆದು ಸಾಗಿಸಿದರೆ ಉಳಿಯುವುದೇನು? ನಾವು ಪರಿಚಯ ಮಾಡಿಕೊಂಡ ವರ್ಮಿಸೆಲ್ಲಾ ಆನ್ಯುಲೇಟಾ ದೇಶದ ಒಟ್ಟು ಲೆಕ್ಕದಲ್ಲಿ ಸುರಕ್ಷಿತವಾಗಿದೆ. ಆದರೂ ವಿಕ್ಟೋರಿಯಾ ರಾಜ್ಯ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ.

ನಮ್ಮಲ್ಲಿ ಬ್ಯಾಂಡಿ-ಬ್ಯಾಂಡಿ ಇಲ್ಲ. ಆದರೆ ಅದೇ ಕುಟುಂಬದ, ಅದೇ ರೀತಿ ನೆಲದಡಿ ಬಾಳುವ ಹವಳದ ಹಾವುಗಳು ಇವೆ. ಪಶ್ಚಿಮ ಘಟ್ಟದ ತರಗೆಲೆಯ ಅಡಿಯಲ್ಲಿ ಕೆಲವು ಪ್ರಭೇದಗಳು ಬಾಳುತ್ತವೆ. ತೆಳು ಮೈಯ ಹವಳದ ಹಾವು ಬೆದರಿದಾಗ ಬಾಲವನ್ನು ಸುರುಳಿ ಸುತ್ತಿ ಮೇಲೆತ್ತಿ ಅದರ ಅಡಿಯ ನೀಲಿ ಬಣ್ಣ ತೋರಿಸುತ್ತದೆ. ಶತ್ರುವಿನ ಗಮನ ತಲೆಯಿಂದ ಬಾಲಕ್ಕೆ ಹೋಗುತ್ತದೆ. ಉಪಾಯ ಬೇರೆ, ಉದ್ದೇಶ ಒಂದೇ.

ಇಲ್ಲಿ ಒಂದು ಎಚ್ಚರಿಕೆ ಕೊಡದೆ ಮುಂದೆ ಹೋಗಲಾರೆ. ಈ ಲೇಖನದಲ್ಲಿ ಓದಿದ "ಪಟ್ಟೆ ಹಾವು, ಮಂದ ವಿಷ" ಎಂಬುದನ್ನು ನಮ್ಮ ನೆಲಕ್ಕೆ ದಯವಿಟ್ಟು ಅನ್ವಯಿಸಬೇಡಿ. ಇಲ್ಲಿ ಕಪ್ಪು ಮೈಯ ಮೇಲೆ ತೆಳು ಬಿಳಿ ಪಟ್ಟೆಗಳಿರುವ, ಹೊಟ್ಟೆ ಬಿಳಿಯಾಗಿರುವ, ರಾತ್ರಿ ಓಡಾಡುವ ಹಾವೆಂದರೆ ಅದು ಕಟ್ಟುಹಾವು ಆಗಿರಬಹುದು. ಅದರ ಕಡಿತದಲ್ಲಿ ನೋವು, ಊತ ಹೆಚ್ಚಾಗಿ ಇರುವುದೇ ಇಲ್ಲ, ಆದರೆ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸಿ ಪ್ರಾಣ ತೆಗೆಯಬಲ್ಲದು. ಕಚ್ಚಿದ ಸಂಶಯ ಬಂದರೂ ಸಾಕು, ನೋವಿಲ್ಲವೆಂದು ಕಾಯದೆ, ಮಂತ್ರ, ನಾಟಿ ಔಷಧ ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ. ಪ್ರತಿವಿಷದ ಚುಚ್ಚುಮದ್ದು ಅಲ್ಲೇ ಸಿಗುವುದು.

ಕಲಿಕೆಯನ್ನು ನೀವು ಮನೆಯಂಗಳದಿಂದಲೇ ಶುರುಮಾಡಬಹುದು. ಬ್ಯಾಂಡಿ-ಬ್ಯಾಂಡಿಯ ಊಟವಾದ ಕುರುಡು ಹಾವುಗಳ ಒಂದು ಬಂಧು ನಮ್ಮ ಹೂಕುಂಡಗಳಲ್ಲೇ ಇದೆ. ಹುಳಹಾವು ಎಂದು ಅದನ್ನು ಕರೆಯುವವರಿದ್ದಾರೆ. ಒಂದು ಗೇಣಿಗಿಂತಲೂ ಚಿಕ್ಕದು. ಇವುಗಳಲ್ಲಿ ಗಂಡೇ ಇಲ್ಲ. ಹೆಣ್ಣು ಒಂಟಿಯಾಗಿಯೇ ಸಂತಾನ ಬೆಳೆಸುತ್ತದೆ. ಕುಂಡದ ಮಣ್ಣಿನೊಂದಿಗೆ ಸಾಗಿ ಇದು ಜಗತ್ತಿನ ಎಷ್ಟೋ ದೇಶಗಳಿಗೆ, ಆಸ್ಟ್ರೇಲಿಯಾಕ್ಕೂ ಹೋಗಿ ನೆಲೆಸಿದೆ. ಒಂದೇ ಹೆಣ್ಣು ಹೋದರೂ ಸಾಕು, ಸಂಸಾರ ಬೆಳೆಯುತ್ತದೆ.

ಮಳೆಗಾಲದಲ್ಲಿ ಬಚ್ಚಲಿಗೋ ಕುಂಡದ ಬುಡಕ್ಕೋ ಬಂದ ಕಪ್ಪು "ಎರೆಹುಳು" ನಿಮಗೆ ಕಂಡರೆ ಸ್ವಲ್ಪ ಬಗ್ಗಿ ನೋಡಿ. ಎರೆಹುಳುವಿನ ಮೈ ಲೋಳೆಯಾಗಿ, ಗೆರೆ ಗೆರೆಯಾಗಿ, ಹಿಗ್ಗಿ ಕುಗ್ಗುತ್ತಾ ಇರುತ್ತದೆ. ಹುಳಹಾವಿನ ಮೈ ಒಣಗಿದ್ದು ಹೊಳೆಯುತ್ತದೆ, ಹಿಗ್ಗುವುದಿಲ್ಲ, ಚುರುಕಾಗಿ ಅಂಕುಡೊಂಕಾಗಿ ಹರಿಯುತ್ತದೆ. ತಾಳ್ಮೆಯಿಂದ ಕಾದರೆ ಕೂದಲೆಳೆಯಂಥ ನಾಲಿಗೆ ಹೊರಬಂದು ಒಳಹೋಗುವುದು ಕಾಣುತ್ತದೆ. ಅದು ಯಾರನ್ನೂ ಕಚ್ಚದು, ಅದಕ್ಕೆ ವಿಷವಿಲ್ಲ. ಉಪ್ಪು ಸುರಿಯಬೇಡಿ, ಪೊರಕೆಯಿಂದ ಬಡಿಯಬೇಡಿ. ಒಂದು ರಟ್ಟಿನ ತುಂಡಿನ ಮೇಲೆ ಎತ್ತಿಕೊಂಡು ಹೋಗಿ ತೇವದ ಮಣ್ಣಿಗೆ ಬಿಟ್ಟುಬಿಡಿ.